ಕಲಿಸುವ ಲಾರಿಗೂ ಸರಕಿನ ಗಡಿಯಾರವೇ? ಸಾರಿಗೆ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಸಾರಿಗೆ ಕಂಪನಿಗಳ ಮಾಲೀಕರಿಗೆ ಮತ್ತು ತರಬೇತಿ ವಿಭಾಗ ನೋಡಿಕೊಳ್ಳುವವರಿಗೆ,

ನಮಸ್ಕಾರ.

"ಇಬ್ಬರಿಗೂ ಹೊಂದಾಣಿಕೆ ಆಗುತ್ತಿಲ್ಲ." ಲೈಸೆನ್ಸ್ ಪಡೆದು, ನಿಮ್ಮ ಲಾರಿಯಲ್ಲೇ ವಾರಗಟ್ಟಲೆ ಜೊತೆಗಿದ್ದು ಕಲಿಯುವ ಹೊಸ ಚಾಲಕರು ಮತ್ತು ಅವರ ತರಬೇತುದಾರರ ತಕರಾರು ನಿಮ್ಮ ಮೇಜಿನವರೆಗೆ ಬಂದಾಗ ಕಡತದಲ್ಲಿ ಉಳಿಯುವುದು ಬಹುಪಾಲು ಇದೊಂದೇ ಸಾಲು. ನೀವು ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಹತ್ತಿಸುತ್ತೀರಿ, ಕಡತ ಮುಚ್ಚುತ್ತೀರಿ. ಸ್ವಲ್ಪ ದಿನ ಕಳೆದರೆ ಅದೇ ಲಾರಿಯಿಂದ ಅದೇ ಸಾಲು ಮತ್ತೆ ಬರುತ್ತದೆ.

ಈ ಪತ್ರ ಬರೆಯುತ್ತಿರುವ ನಾವು ಕ್ಯಾಬಿನ್ನಿನ ಎರಡೂ ಸೀಟುಗಳಲ್ಲಿ ಕೂತವರು: ಕಲಿತವರು, ಆಮೇಲೆ ಕಲಿಸಿದವರು. ನಾವು ಹೇಳಬೇಕೆಂದಿರುವುದು ಇಷ್ಟು. ಕೆಟ್ಟ ಸ್ವಭಾವದ ತರಬೇತುದಾರರೂ ಇದ್ದಾರೆ, ಹೇಳಿದ್ದು ಕೇಳದ ಹೊಸಬರೂ ಇದ್ದಾರೆ. ಆದರೆ ಹೆಚ್ಚಿನ ಜಗಳಗಳ ಬೇರು ನೀವು ಮಾಡಿಟ್ಟ ಏರ್ಪಾಡಿನಲ್ಲಿದೆ. ತರಬೇತಿಯ ಲಾರಿಗೂ ಮಾಮೂಲಿ ಲಾರಿಯ ಲೋಡು, ಮಾಮೂಲಿ ಲಾರಿಯ ಸಮಯ ಕೊಡುತ್ತೀರಿ. ಸರಕಿಗೆ ತಲುಪಬೇಕಾದ ಗಂಟೆ ಇದೆ, ಕಲಿಕೆಗೆ ಇಲ್ಲ. ಎರಡೂ ಎದುರುಬದುರಾದ ಪ್ರತಿಸಲವೂ ಸರಕೇ ಗೆಲ್ಲುತ್ತದೆ, ಸೋತ ಸಿಟ್ಟು ಕ್ಯಾಬಿನ್ನಿನೊಳಗೆ ಉಳಿಯುತ್ತದೆ.

ದುಡ್ಡಿನಿಂದಲೇ ಶುರು ಮಾಡೋಣ. ತರಬೇತುದಾರರಿಗೆ ಲಾರಿ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ, ಅದರಲ್ಲೂ ಹೊಸಬರು ಓಡಿಸಿದ ದೂರವನ್ನೂ ಸೇರಿಸಿ ಸಂಬಳ ಕೊಟ್ಟರೆ ಏನಾಗುತ್ತದೆ ನೋಡಿ. ಚಕ್ರ ತಿರುಗುತ್ತಿದ್ದರೆ ಮಾತ್ರ ಅವರಿಗೆ ಕಾಸು. ಖಾಲಿ ಮೈದಾನದಲ್ಲಿ ಒಂದು ಗಂಟೆ ರಿವರ್ಸ್ ಕಲಿಸಿದರೆ ಆ ಗಂಟೆ ಪೂರ್ತಿ ನಷ್ಟ. ಆದ್ದರಿಂದ ಹೊಸಬರಿಗೆ ಸಿಗುವುದು ಉದ್ದಾನುದ್ದದ ನೇರ ಹೆದ್ದಾರಿ. ಗೋದಾಮಿನ ಬಾಗಿಲಿಗೆ ಲಾರಿ ಹಚ್ಚುವ ಹೊತ್ತಿಗೆ, ಹಿಂದೆ ನಾಲ್ಕು ಲಾರಿ ಕಾಯುತ್ತಿರುವಾಗ, "ಬಿಡು, ನಾನೇ ಹಾಕ್ತೀನಿ" ಎಂದು ತರಬೇತುದಾರರು ಸ್ಟೇರಿಂಗಿಗೆ ಬಂದು ಕೂರುತ್ತಾರೆ. ತಿಂಗಳ ಕೊನೆಗೆ ಹೊಸಬರ ಪುಸ್ತಕದಲ್ಲಿ ಸಾವಿರಾರು ಕಿಲೋಮೀಟರ್ ಇರುತ್ತದೆ, ಸ್ವಂತ ಕೈಯಿಂದ ಹಾಕಿದ ರಿವರ್ಸ್ ಬೆರಳೆಣಿಕೆಯಷ್ಟು. ಒಂಟಿಯಾಗಿ ಹೊರಟ ಮೊದಲ ವಾರದಲ್ಲೇ ಅವರು ಪಕ್ಕದ ಲಾರಿಯ ಕನ್ನಡಿ ಒಡೆದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಆದ್ದರಿಂದ ಮೊದಲ ಬೇಡಿಕೆ: ತರಬೇತಿಯ ದಿನಗಳಿಗೆ ದಿನದ ಲೆಕ್ಕದ ಸಂಬಳ ಕೊಡಿ, ಓಡಿದ ದೂರಕ್ಕೂ ಅದಕ್ಕೂ ಗಂಟು ಹಾಕಬೇಡಿ. ಮೊದಲ ವಾರದ ಲೋಡಿಗೆ ಮಾಮೂಲಿ ಸಮಯಕ್ಕಿಂತ ಕಾಲು ಭಾಗವಾದರೂ ಹೆಚ್ಚು ಕೊಡಿ. ಆ ವಾರ ಊರೊಳಗಿನ ನಾಲ್ಕೈದು ಕಡೆ ಇಳಿಸುವ ಲೋಡು, ಇಕ್ಕಟ್ಟಿನ ಅಂಗಳದ ಲೋಡು, ರಾತ್ರಿಯೇ ಹೊರಡಬೇಕಾದ ಲೋಡು ಬೇಡ. ದಿನಕ್ಕೆ ಎರಡು ರಿವರ್ಸ್ ಕಡ್ಡಾಯ ಮಾಡಿ. ಗೋದಾಮಿನಲ್ಲಿ ಆಗದಿದ್ದರೆ ರಾತ್ರಿ ನಿಲ್ಲಿಸುವ ಜಾಗದಲ್ಲಿ, ಖಾಲಿ ಮೂಲೆ ಹುಡುಕಿ. ತರಬೇತಿ ಮುಗಿಯಿತು ಎಂದು ಸಹಿ ಹಾಕುವ ಮುನ್ನ ಕನಿಷ್ಠ 40 ರಿವರ್ಸ್, ಅದರಲ್ಲಿ 10 ಚಾಲಕರ ಸೀಟಿನಿಂದ ಕಾಣದ ಬದಿಯಿಂದ, ಎಂದು ನಾವು ಹೇಳುತ್ತೇವೆ. ನಿಮ್ಮ ಸಂಖ್ಯೆ ಬೇರೆ ಇರಲಿ, ಆದರೆ ಸಂಖ್ಯೆ ಅಂತ ಒಂದಿರಲಿ. ಎಣಿಸದೆ ಬಿಟ್ಟದ್ದನ್ನು ಕ್ಯಾಬಿನ್ನಿನಲ್ಲಿ ಯಾರೂ ಮಾಡುವುದಿಲ್ಲ.

ಇನ್ನು ತರಬೇತುದಾರರ ಕೂಗಾಟ. ಹೊಸಬರ ದೂರುಗಳಲ್ಲಿ ಅತಿ ಹೆಚ್ಚು ಬರುವುದು ಇದೇ, ನೀವು ಅತಿ ಹಗುರವಾಗಿ ಕಾಣುವುದೂ ಇದನ್ನೇ. ಅದಕ್ಕೊಂದು ಕಾರಣವಿದೆ. ಚಾಲನಾ ಶಾಲೆಯ ವಾಹನದಲ್ಲಿ ಕಲಿಸುವವರ ಕಾಲಡಿಗೂ ಬ್ರೇಕ್ ಪೆಡಲ್ ಇರುವುದುಂಟು. ಕಂಪನಿಯ ಲಾರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹತ್ತಾರು ಟನ್ ತೂಕ ತಪ್ಪು ದಿಕ್ಕಿಗೆ ಹೊರಟಾಗ ಪಕ್ಕದ ಸೀಟಿನಲ್ಲಿ ಕೂತವರ ಬಳಿ ಇರುವ ಒಂದೇ ಉಪಕರಣ ಬಾಯಿ. ಭಯಕ್ಕೆ ಬಾಯಿ ಜೋರಾಗುತ್ತದೆ. ಕೂಗಿದ ಕೂಡಲೇ ಹೊಸಬರು ಮಾಡುವ ಮೊದಲ ಕೆಲಸ ತಿರುಗಿ ತರಬೇತುದಾರರ ಮುಖ ನೋಡುವುದು. ರಸ್ತೆಯಿಂದಲೂ ಕನ್ನಡಿಯಿಂದಲೂ ಕಣ್ಣು ತೆಗೆಯುವುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲಾರಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಮುಖ ನೋಡಿದರೆ 44 ಮೀಟರ್ ಕುರುಡಾಗಿ ಓಡಿಸಿದಂತೆ. ತಪ್ಪು ತಿದ್ದಲು ಹಾಕಿದ ಕೂಗೇ ಎರಡನೇ ತಪ್ಪು ಹುಟ್ಟಿಸುತ್ತದೆ.

ಇದಕ್ಕೆ ಮದ್ದು ತರಬೇತುದಾರರಿಗೆ ತಾಳ್ಮೆಯ ಉಪದೇಶವಲ್ಲ. ಮುಂಚೆಯೇ ಹೇಳುವ ಅಭ್ಯಾಸ. "ಎಡಕ್ಕೆ ತಿರುಗು" ಎಂಬ ಮಾತು ತಿರುವಿಗಿಂತ 10–12 ಸೆಕೆಂಡು ಮೊದಲು ಬರಬೇಕು. 80ರ ವೇಗದಲ್ಲಿ ಅದು ಸುಮಾರು 250 ಮೀಟರ್. ಕನ್ನಡಿ ನೋಡುವುದು, ಇಂಡಿಕೇಟರ್ ಹಾಕುವುದು, ವೇಗ ಇಳಿಸುವುದು, ಗೇರು ಇಳಿಸುವುದು, ಟ್ರೇಲರಿನ ಹಿಂಚಕ್ರಕ್ಕೆ ಜಾಗ ಬಿಡುವುದು: ಹೊಸಬರಿಗೆ ಇವು ಐದು ಬೇರೆ ಬೇರೆ ಕೆಲಸಗಳು. ಕಲಿಸುವವರ ಕೈಕಾಲಿಗೆ ಅದು ಎಂದೋ ಒಂದೇ ಕೆಲಸವಾಗಿದೆ, ಹಾಗಾಗಿ ಅವರು ಎರಡು ಸೆಕೆಂಡು ಸಾಕು ಅಂದುಕೊಳ್ಳುತ್ತಾರೆ. ಚಲಿಸುವಾಗ ಒಂದು ಸಲಕ್ಕೆ ಒಂದೇ ತಿದ್ದುಪಡಿ. ಉಳಿದದ್ದೆಲ್ಲ ಲಾರಿ ನಿಂತ ಮೇಲೆ, ಎಂಜಿನ್ ಆಫ್ ಆದ ಮೇಲೆ, ಹತ್ತು ನಿಮಿಷ ಕೂತು.

ಕೂಗಿಗಿಂತ ಕೆಟ್ಟದ್ದು ಕೈ ಹಾಕುವುದು. ಪಕ್ಕದಿಂದ ಸ್ಟೇರಿಂಗ್ ಎಳೆದರೆ ಇಬ್ಬರೂ ಎದುರುಬದುರು ದಿಕ್ಕಿಗೆ ಎಳೆಯುತ್ತಾರೆ, ಟ್ರೇಲರ್ ಜೋಲಿ ಹೊಡೆಯುತ್ತದೆ. ಓಡುವ ಲಾರಿಯಲ್ಲಿ ಪಾರ್ಕಿಂಗ್ ಬ್ರೇಕಿನ ಗುಂಡಿ ಎಳೆಯುವುದಂತೂ ಇನ್ನೂ ಅಪಾಯ: ಗಾಳಿ ಹೋದೊಡನೆ ಸ್ಪ್ರಿಂಗಿನ ಬಲದಿಂದ ಹಿಡಿಯುವ ಸ್ಪ್ರಿಂಗ್ ಬ್ರೇಕು ಒಮ್ಮೆಗೇ ಹಿಡಿದು ಹಿಂಚಕ್ರ ಲಾಕ್ ಆಗುತ್ತದೆ, ಎಳೆಯುವ ಗಾಡಿ ಮತ್ತು ಟ್ರೇಲರ್ ಚಾಕು ಮಡಚಿದಂತೆ ಮಡಚಿಕೊಳ್ಳಬಹುದು. ಕೈ ಹಾಕುವುದು ಯಾವಾಗ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಬಾಯಲ್ಲಿ ಹೇಳಲು ಸಮಯವೇ ಇಲ್ಲದ, ಡಿಕ್ಕಿ ಖಚಿತವೆಂಬ ಹೊತ್ತಿನಲ್ಲಿ ಮಾತ್ರ. ಹಾಗೆ ಕೈ ಹಾಕಿದ ಪ್ರತಿಯೊಂದು ಸಲವೂ ಅದೇ ದಿನ ಇಬ್ಬರ ಸಹಿಯೊಂದಿಗೆ ನಿಮಗೆ ವರದಿಯಾಗಬೇಕು. ವಾರಕ್ಕೆ ಮೂರು ಸಲ ಕೈ ಹಾಕಬೇಕಾಗಿ ಬಂದರೆ ಆ ಹೊಸಬರು ಇನ್ನೂ ರಸ್ತೆಗೆ ಬರುವಂತಿಲ್ಲ, ಇಲ್ಲವೇ ಆ ತರಬೇತುದಾರರು ಪಕ್ಕದ ಸೀಟಿನಲ್ಲಿ ಕೂರುವಂತಿಲ್ಲ. ಎರಡರಲ್ಲಿ ಯಾವುದು ಎಂದು ನೋಡುವುದು ನಿಮ್ಮ ಕೆಲಸ.

ಜಗಳಗಳಲ್ಲಿ ಅರ್ಧಕ್ಕರ್ಧ, ಕೇಳಿದರೆ ನಗು ಬರಬಹುದು, ಬರೀ ಶಬ್ದಗಳಿಂದ ಹುಟ್ಟುತ್ತವೆ. "ರೈಟ್" ಎಂದರೆ ಬಲಕ್ಕೋ, ಸರಿಯೋ, ಹೊರಡು ಎಂದೋ? ಮೂರೂ ಅರ್ಥದಲ್ಲಿ ನಾವೆಲ್ಲ ಬಳಸುತ್ತೇವೆ. ರಿವರ್ಸಿನಲ್ಲಿ ಇದು ಇನ್ನೂ ಗೋಜಲು. ಟ್ರೇಲರ್ ಜೋಡಿಸಿದ ಗಾಡಿಯನ್ನು ಹಿಂದಕ್ಕೆ ಬಿಡುವಾಗ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗುತ್ತದೆ. ಕೆಳಗೆ ನಿಂತವರು "ಬಲಕ್ಕೆ, ಬಲಕ್ಕೆ" ಎಂದು ಕೂಗಿದಾಗ ಅದು ಸ್ಟೇರಿಂಗಿಗೆ ಹೇಳಿದ್ದೋ ಟ್ರೇಲರಿನ ಬಾಲಕ್ಕೆ ಹೇಳಿದ್ದೋ? ಜೊತೆಗೆ ಅವರು ಲಾರಿಯ ಮುಂದೆ, ಚಾಲಕರಿಗೆ ಮುಖ ಮಾಡಿ ನಿಂತಿದ್ದರೆ ಅವರ ಬಲ ಚಾಲಕರ ಎಡ. ಒಂದೇ ಮಾತಿಗೆ ನಾಲ್ಕು ಅರ್ಥ. ಹೊಸಬರು ತಪ್ಪು ಕಡೆ ತಿರುಗಿಸುತ್ತಾರೆ, "ಹೇಳಿದ್ದು ತಲೆಗೆ ಹೋಗಲ್ವಾ?" ಎಂಬ ಮಾತು ಬರುತ್ತದೆ, ಆ ದಿನ ಮುಗಿಯಿತು.

ಹಾಗಾಗಿ ಲಾರಿ ಹೊರಡುವ ಮೊದಲ ಗಂಟೆಯಲ್ಲಿ ಇಬ್ಬರೂ ಕೂತು ಶಬ್ದಗಳನ್ನು ಗೊತ್ತು ಮಾಡಿಕೊಳ್ಳಬೇಕು. ನಮ್ಮ ಸಲಹೆ ಹೀಗೆ. "ನಿಲ್ಲಿಸು" ಎಂದರೆ ಪೂರ್ತಿ ನಿಲ್ಲಿಸುವುದು, ಕಾರಣ ಆಮೇಲೆ ಕೇಳುವುದು. "ನಿಧಾನ" ಎಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಬ್ರೇಕ್ ತುಳಿಯುವುದಲ್ಲ. ರಿವರ್ಸಿನಲ್ಲಿ ಎಡ–ಬಲ ಎಂದು ಹೇಳಲೇಬಾರದು. "ಬಾಲ ಚಾಲಕನ ಕಡೆಗೆ", "ಬಾಲ ಆಚೆ ಕಡೆಗೆ" ಎಂದರೆ ಎರಡರ್ಥಕ್ಕೆ ಜಾಗವಿಲ್ಲ. ಹೊರಡುವುದಕ್ಕೆ "ಹೋಗು", ಸರಿಯಾಗಿದೆ ಎನ್ನುವುದಕ್ಕೆ "ಸರಿ". "ರೈಟ್" ಶಬ್ದವನ್ನು ಕ್ಯಾಬಿನ್ನಿನಿಂದಲೇ ಇಳಿಸಿಬಿಡಿ. ಕೆಳಗೆ ನಿಂತವರು ಕನ್ನಡಿಯಲ್ಲಿ ಕಾಣದಾದ ಕ್ಷಣ ಲಾರಿ ನಿಲ್ಲಬೇಕು. ಮತ್ತು ಹೊಸಬರು ಬೇಕೆನಿಸಿದಾಗಲೆಲ್ಲ ಇಳಿದು ನೋಡಬಹುದು: ಎರಡು ಸಲವಾದರೂ ಸರಿ, ಐದು ಸಲವಾದರೂ ಸರಿ, ಹಿಂದಿನವರು ಹಾರ್ನ್ ಹೊಡೆದರೂ ಸರಿ. ಇಳಿದು ನೋಡಿದ್ದಕ್ಕೆ ಬೈಯುವ ತರಬೇತುದಾರರಿಂದ ಆ ಕೆಲಸವನ್ನು ವಾಪಸ್ ತೆಗೆದುಕೊಳ್ಳಿ ಎಂದೇ ನಾವು ಹೇಳುತ್ತೇವೆ. ಇಳಿದು ಬಂದು ನೋಡುವುದಕ್ಕೆ ಒಂದು ನಿಮಿಷ ಸಾಕು.

ಅದೇ ಗಂಟೆಯಲ್ಲಿ ಬೇರೆ ಕೆಲವು ವಿಷಯಗಳೂ ಇತ್ಯರ್ಥವಾಗಬೇಕು. ಯಾರ ಹಾಸಿಗೆ ಮೇಲಿನದು, ಯಾರದು ಕೆಳಗಿನದು. ಎಸಿ ಎಷ್ಟರಲ್ಲಿ. ಸಿಗರೇಟು ಕ್ಯಾಬಿನ್ನಿನ ಹೊರಗೆ ಮಾತ್ರ. ಒಬ್ಬರು ಮಲಗಿದಾಗ ಫೋನಿನ ಮಾತು, ಹಾಡು ಇಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯಲು ಎಲ್ಲಿ ನಿಲ್ಲುವುದು. ಸಾಲ ಕೇಳುವುದೂ ಬೇಡ, ಕೊಡುವುದೂ ಬೇಡ. ಇವು ಸಣ್ಣವು, ಐದು ನಿಮಿಷದ ಮಾತು. ಆದರೆ ಚಾಪೆಯಗಲದ ಜಾಗದಲ್ಲಿ ಇಬ್ಬರು ಅಪರಿಚಿತರು ವಾರಗಟ್ಟಲೆ ಇರಬೇಕಾದಾಗ ಕೊಳಕು ಕಾಲುಚೀಲದಿಂದಲೂ ತರಬೇತಿ ಮುರಿದುಬೀಳುತ್ತದೆ. ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಪುಟದ ಫೋಟೋ ನಿಮ್ಮ ಕಚೇರಿಗೆ ಬರಲಿ.

ಈಗ ಕಷ್ಟದ ವಿಷಯ: "ಶಾಲೆಯಲ್ಲಿ ಹಾಗೆ ಕಲಿಸಿದ್ರು, ಇವರು ಹೀಗೆ ಹೇಳ್ತಾರೆ." ಇಂಥ ತಕರಾರುಗಳನ್ನು ಎರಡು ಗುಂಪು ಮಾಡಿ. ಮೊದಲನೆಯದು ಕೈಯ ಪದ್ಧತಿ: ಸ್ಟೇರಿಂಗನ್ನು ಕೆಳಗಿನಿಂದ ಹಿಡಿದು ರಿವರ್ಸ್ ಹಾಕುವುದೋ ಮೇಲಿನಿಂದಲೋ, ಗೇರನ್ನು ಎಂಜಿನ್ನಿನ ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ತಿರುಗುವ ಸುತ್ತು) ಬದಲಿಸುವುದು, ತಿರುವನ್ನು ಎಲ್ಲಿಂದ ಹಿಡಿಯುವುದು. ಇಲ್ಲಿ ಆ ಲಾರಿಯಲ್ಲಿ ಇರುವಷ್ಟು ದಿನ ತರಬೇತುದಾರರ ಮಾತೇ ನಡೆಯಲಿ. ಹೊಸಬರು ವಾದ ಮಾಡದೆ ಅವರ ಪದ್ಧತಿಯನ್ನೂ ಕಲಿತರೆ ನಷ್ಟವೇನಿಲ್ಲ. ಮುಂದೆ ಒಂಟಿಯಾದಾಗ ಯಾವುದು ಕೈಗೆ ಒಗ್ಗುತ್ತದೋ ಅದು. ಡಬಲ್ ಕ್ಲಚ್ (ಒಂದು ಗೇರು ಬದಲಿಸಲು ಎರಡು ಸಲ ಕ್ಲಚ್ ತುಳಿಯುವುದು) ಬೇಕೇ ಬೇಡವೇ ಎಂಬುದನ್ನು ಮಾತ್ರ ಇಬ್ಬರೂ ಅಲ್ಲ, ಗೇರುಪೆಟ್ಟಿಗೆಯೇ ತೀರ್ಮಾನಿಸುತ್ತದೆ. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಇಲ್ಲದ ಪೆಟ್ಟಿಗೆಯಲ್ಲಿ ಎಂಜಿನ್ನಿನ ವೇಗ ಹೊಂದಿಸದೆ ದೂಡಿದರೆ ಹಲ್ಲು ಕರಕರ ಎನ್ನುತ್ತದೆ, ಅಷ್ಟೇ.

ಎರಡನೆಯ ಗುಂಪು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. ಹೊರಡುವ ಮುಂಚಿನ ತಪಾಸಣೆ, ಚಾಲನೆಯ ಗಂಟೆಗಳು, ಆ ಗಂಟೆಗಳನ್ನು ಬರೆಯುವ ಲಾಗ್ ಪುಸ್ತಕ, ವೇಗದ ಮಿತಿ, ಸೀಟ್ ಬೆಲ್ಟ್, ಲೋಡಿನ ತೂಕ. "ನಾನು ಇಷ್ಟು ವರ್ಷದಿಂದ ನೋಡದೇ ಓಡಿಸಿದ್ದೀನಿ" ಎಂಬುದು ಇಲ್ಲಿ ಸಲ್ಲದ ವಾದ. ತಪಾಸಣೆಯ ಜಗಳ ಹೆಚ್ಚಾಗಿ ಸಮಯದ ಜಗಳ. ಕಲಿತವರಿಗೆ 15 ನಿಮಿಷ ಹಿಡಿಯುವುದು ಹೊಸಬರಿಗೆ 40 ನಿಮಿಷ ಹಿಡಿಯುತ್ತದೆ, ತರಬೇತುದಾರರು ಗಡಿಯಾರ ನೋಡುತ್ತಾರೆ. ನಿಮ್ಮ ವೇಳಾಪಟ್ಟಿಯಲ್ಲಿ ಆ 40 ನಿಮಿಷ ಬರೆದಿಡಿ.

ಗಾಳಿ ಬ್ರೇಕಿನ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಅದೇ. ಗಾಳಿಯ ಟ್ಯಾಂಕು ಪೂರ್ತಿ ತುಂಬಲಿ, ಸಾಮಾನ್ಯವಾಗಿ ಅದು 8 ಬಾರ್ (ಒತ್ತಡದ ಅಳತೆ) ಆಚೀಚೆ. ಚಕ್ರಕ್ಕೆ ಅಡ್ಡ ಕೊಟ್ಟು, ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಪೆಡಲನ್ನು ಒತ್ತಿ ಒಂದು ನಿಮಿಷ ಹಿಡಿಯಬೇಕು. ಟ್ರೇಲರ್ ಜೋಡಿಸಿದ ಗಾಡಿಯಲ್ಲಿ ಆ ನಿಮಿಷದಲ್ಲಿ ಒತ್ತಡ ತೋರಿಸುವ ಮುಳ್ಳು ಸುಮಾರು 0.3 ಬಾರಿಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರಿಕೆ ಇದೆ. ನಂತರ ಪೆಡಲನ್ನು ತುಳಿದು ಬಿಟ್ಟು ಗಾಳಿ ಖಾಲಿ ಮಾಡುತ್ತಾ ಹೋದರೆ, ಒತ್ತಡ ಸುಮಾರು 4 ಬಾರಿಗೆ ಇಳಿಯುವ ಮೊದಲೇ ಎಚ್ಚರಿಕೆಯ ದೀಪ ಅಥವಾ ಬಜರ್ ಬರಬೇಕು. ನಿಖರ ಅಂಕಿ ಆಯಾ ವಾಹನದ ಕೈಪಿಡಿಯಲ್ಲಿ ಇರುತ್ತದೆ. ಜಗಳವಾದಾಗ ಕೈಪಿಡಿ ತೆಗೆದು ತೋರಿಸುವುದು ಇಬ್ಬರ ಮರ್ಯಾದೆಯನ್ನೂ ಉಳಿಸುತ್ತದೆ.

ಟ್ರೇಲರ್ ಜೋಡಿಸುವಲ್ಲೂ ಹಾಗೆಯೇ. "ಒಂದು ಸಲ ಎಳೆದು ನೋಡಿದೆ, ಸಾಕು" ಎನ್ನುವ ತರಬೇತುದಾರರು ಇದ್ದಾರೆ. ಸಾಲದು. ಟ್ರೇಲರ್ ಎತ್ತರದಲ್ಲಿದ್ದು, ಅದರ ಮುಂಭಾಗದಡಿಯ ಕಿಂಗ್ ಪಿನ್ ಎಂಬ ಗೂಟ ಎಳೆಯುವ ಗಾಡಿಯ ಜೋಡಣೆ ತಟ್ಟೆಯ ದವಡೆಯೊಳಗೆ ಸರಿಯಾಗಿ ಕೂರದೆ ಮೇಲೆಯೇ ಸಿಕ್ಕಿಕೊಂಡಿದ್ದರೂ ಎಳೆದಾಗ ಹಿಡಿದಂತೆ ಅನಿಸಬಹುದು. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ಮೂರು ನೋಡಬೇಕು: ತಟ್ಟೆಗೂ ಟ್ರೇಲರಿಗೂ ನಡುವೆ ಸಂದು ಇಲ್ಲ, ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತಿ ಹಿಡಿದಿದೆ, ಲಾಕ್ ಹಿಡಿಕೆ ಪೂರ್ತಿ ಒಳಗೆ ಹೋಗಿದೆ. ಆಮೇಲೆ ನಿಂತಾಗ ಟ್ರೇಲರನ್ನು ಹೊರುವ ಮುಂದಿನ ಕಾಲು ಪೂರ್ತಿ ಮೇಲಕ್ಕೆ. ಹೊಸಬರು ಟಾರ್ಚ್ ತೆಗೆದುಕೊಂಡಾಗ ನಗುವವರನ್ನು ಕಂಪನಿ ಕೇಳಬೇಕು.

ಇಳಿಜಾರಿನ ವಿಷಯದಲ್ಲಿ ಮಾತ್ರ ಹೊಸಬರ ಪರವಾಗಿ ಮಾತಾಡಲು ನಮಗೆ ಬಾಯಿಲ್ಲ. ಇಳಿಯುವ ಮುಂಚೆ ಗೇರು ಇಳಿಸಿ ಎಂದು ತರಬೇತುದಾರರು ಹೇಳಿದರೆ ಅದೇ ಕ್ಷಣ ಇಳಿಸಬೇಕು. ಅರ್ಧ ಇಳಿದ ಮೇಲೆ ವೇಗ ಏರಿದ್ದರೆ ಗೇರು ಕೂರದೇ ಲಾರಿ ನ್ಯೂಟ್ರಲ್ಲಿನಲ್ಲಿ ಜಾರುವ ಅಪಾಯವಿದೆ. ಎಂಜಿನ್ ಬ್ರೇಕ್ (ಎಂಜಿನ್ನಿನ ತಡೆಯಿಂದಲೇ ವೇಗ ಹಿಡಿಯುವುದು) ಹಾಕಿ, ಗೊತ್ತು ಮಾಡಿಕೊಂಡ ವೇಗ ಮುಟ್ಟಿದಾಗ ಅದಕ್ಕಿಂತ 8–10 ಕಿಲೋಮೀಟರ್ ಕಡಿಮೆಯಾಗುವವರೆಗೆ ದೃಢವಾಗಿ ಬ್ರೇಕ್ ಒತ್ತಿ, ಪೂರ್ತಿ ಬಿಟ್ಟು, ಮತ್ತೆ ವೇಗ ಏರಿದಾಗ ಮತ್ತೆ ಒತ್ತುವುದು. ಕೆಳಗಿನವರೆಗೂ ಬ್ರೇಕಿನ ಮೇಲೆ ಕಾಲು ಇಟ್ಟೇ ಬಂದರೆ ಬ್ರೇಕಿನ ಡ್ರಮ್ಮು ಕಾದು ಬ್ರೇಕು ಹಿಡಿಯುವುದೇ ಬಿಡುತ್ತದೆ. ಇಲ್ಲಿ ಕಲಿಸುವವರು ದನಿ ಏರಿಸಿದರೆ ಅದು ಕೂಗಾಟದ ದೂರಲ್ಲ.

ನಿದ್ದೆಯ ವಿಷಯಕ್ಕೆ ಬರೋಣ. ಹೊಸಬರು ಓಡಿಸುತ್ತಿರುವಾಗ ತರಬೇತುದಾರರು ಹಿಂದೆ ಮಲಗುತ್ತಾರೆ ಎಂಬ ದೂರಿಗೆ "ಇಬ್ಬರೂ ಲೈಸೆನ್ಸ್ ಇರುವವರಲ್ಲವೇ" ಎಂಬ ಉತ್ತರ ಬರುತ್ತದೆ. ನಿದ್ದೆಯಿಂದ ಎಬ್ಬಿಸಿದವರ ತಲೆ ತಿಳಿಯಾಗಲು 15ರಿಂದ 30 ನಿಮಿಷ ಬೇಕು. ಅಷ್ಟರೊಳಗೆ ಕೊಡುವ ಸಲಹೆ ಅರೆನಿದ್ದೆಯದು. ಮಲಗಿದ ತರಬೇತುದಾರರು ಇದ್ದೂ ಇಲ್ಲದಂತೆ. ಅತ್ತ ಓಡುವ ಲಾರಿಯಲ್ಲಿ, ಪ್ರತಿ ಬ್ರೇಕಿಗೂ ಬೆಚ್ಚಿಬಿದ್ದು, ಅವರಿಗೂ ಒಳ್ಳೆಯ ನಿದ್ದೆ ಬರುವುದಿಲ್ಲ. 17ರಿಂದ 19 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅಂಥ ಇಬ್ಬರು ಬೆಳಗಿನ ಜಾವ ಒಂದೇ ಕ್ಯಾಬಿನ್ನಿನಲ್ಲಿದ್ದರೆ ಜಗಳವಾಗದಿರುವುದೇ ಆಶ್ಚರ್ಯ. ಮೊದಲ ಎರಡು ವಾರ ತರಬೇತುದಾರರು ಪಕ್ಕದ ಸೀಟಿನಲ್ಲೇ ಇರಬೇಕು, ಎಚ್ಚರವಾಗಿ, ಕೈಯಲ್ಲಿ ಫೋನ್ ಇಲ್ಲದೆ. ಅವರು ಮಲಗುವಾಗ ಲಾರಿಯೂ ನಿಲ್ಲಬೇಕು. ನಂತರದ ವಾರಗಳಲ್ಲೂ ಮಳೆ, ಮಂಜು, ಘಾಟಿ, ಊರೊಳಗಿನ ರಸ್ತೆ ಇದ್ದಾಗ ಎದ್ದು ಬರಬೇಕು.

ಹೊಸ ಚಾಲಕರೇ, ಈ ಪತ್ರ ನಿಮ್ಮ ಕೈಗೂ ಬರುತ್ತದೆಂದು ಗೊತ್ತು, ಆದ್ದರಿಂದ ನಿಮಗೂ ಎರಡು ಮಾತು. ಅರ್ಥವಾಗದೆ "ಹ್ಞೂಂ ಅಣ್ಣ, ಗೊತ್ತಾಯ್ತು" ಎನ್ನುವುದು ನಿಮ್ಮ ಕಡೆಯ ಅತಿ ದೊಡ್ಡ ತಪ್ಪು. ತರಬೇತುದಾರರು ನಿಮ್ಮ ಮಾತು ನಂಬಿ ಮುಂದಿನದಕ್ಕೆ ಹೋಗುತ್ತಾರೆ; ಅದೇ ತಪ್ಪು ಮೂರನೇ ಸಲ ಆದಾಗ ಅವರಿಗೆ ಅದು ಹಟದಂತೆ ಕಾಣುತ್ತದೆ. ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿಸಿ ಹೇಳಿ. ರಾತ್ರಿ ನಿಂತ ಮೇಲೆ ಆ ದಿನದ ಮೂರು ತಪ್ಪು ಬರೆದಿಡಿ, ಮರುದಿನ ಬೆಳಿಗ್ಗೆ ಅದನ್ನು ನೀವೇ ಎತ್ತಿ: "ಅಣ್ಣ, ನಿನ್ನೆ ಬಲತಿರುವಿನಲ್ಲಿ ಹಿಂಚಕ್ರ ಅಂಚಿಗೆ ಹತ್ತಿತು, ಇವತ್ತು ಅದನ್ನೇ ನೋಡಿ." ಇದೊಂದು ಮಾತಿಗೆ ಎಂಥ ಗಡಸು ತರಬೇತುದಾರರೂ ಮೆತ್ತಗಾಗುವುದುಂಟು. ಅವರು ಬಿಟ್ಟುಕೊಟ್ಟಿರುವುದು ತಮ್ಮ ಮನೆಯ ಅರ್ಧ ಎಂಬುದನ್ನೂ ಮರೆಯಬೇಡಿ. ಕ್ಯಾಬಿನ್ ಗುಡಿಸಿ, ಗಾಜು ಒರೆಸಿ, ಫೋನ್ ಒಳಗಿಡಿ.

ತೊಂದರೆಯಾದಾಗ ಮೊದಲು ಅದು ಯಾವ ತರಹದ್ದು ಎಂದು ಅಳೆಯಿರಿ. ಗೊರಕೆ, ಮೌನ, ಒರಟು ಮಾತಿನ ಧಾಟಿ, ಹಳೆಯ ಹಾಡು: ಸಹಿಸಿಕೊಳ್ಳಿ, ಇನ್ನು ಕೆಲವೇ ವಾರ. ಸ್ಟೇರಿಂಗ್ ಕೊಡದಿರುವುದು, ಎಲ್ಲ ರಿವರ್ಸನ್ನೂ ತಾವೇ ಹಾಕುವುದು, ದಿನವಿಡೀ ಬೈಗುಳ: ಮಾತಾಡಿ. ಮಾತಾಡುವ ಹೊತ್ತು ಮುಖ್ಯ. ಗೋದಾಮಿನ ಅಂಗಳದಲ್ಲಲ್ಲ, ಹಸಿದಾಗ ಅಲ್ಲ, ಮಲಗುವ ಮುಂಚೆಯೂ ಅಲ್ಲ. ಲಾರಿ ನಿಂತು, ಊಟವಾಗಿ, ಇಬ್ಬರೂ ಕೆಳಗಿಳಿದು ನಿಂತಾಗ. ಒಂದು ಘಟನೆ, ಒಂದು ಕೋರಿಕೆ. "ನೀವು ಯಾವಾಗಲೂ ಹೀಗೇ" ಎಂದು ಶುರು ಮಾಡಿದರೆ ಎದುರಿನವರಿಗೆ ಉತ್ತರ ಕೊಡಲು ಸಿಗುವುದು "ಯಾವಾಗಲೂ" ಎಂಬ ಪದವೊಂದೇ. "ಬೆಳಿಗ್ಗೆ ರಿವರ್ಸ್ ಅರ್ಧದಲ್ಲಿ ನನ್ನನ್ನು ಇಳಿಸಿದ್ರಿ. ಮುಂದಿನದು ಪೂರ್ತಿ ನಾನೇ ಹಾಕ್ತೀನಿ, ನೀವು ಕೆಳಗೆ ನಿಂತು ನೋಡಿ" ಎಂದರೆ ಅದಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಎರಡು ಸಲ ಮಾತಾಡಿಯೂ ಬದಲಾಗದಿದ್ದರೆ ಕಚೇರಿಗೆ ಹೇಳಿ. ದಿನ, ಹೊತ್ತು, ಜಾಗ, ಆಡಿದ ಮಾತು ಬರೆದಿಟ್ಟುಕೊಂಡು ಹೇಳಿ.

ಮೂರನೆಯ ತರಹದ್ದಕ್ಕೆ ಮಾತುಕತೆಯೇ ಬೇಡ. ಮೈ ಮುಟ್ಟುವುದು, ಲೈಂಗಿಕ ಮಾತು, ಹೊಡೆತ, ಬೆದರಿಕೆ, ಕುಡಿದು ಓಡಿಸುವುದು, ಸುಳ್ಳು ಲಾಗ್ ಬರೆಯಿಸುವುದು, ಬ್ರೇಕ್ ಕೆಟ್ಟ ಲಾರಿಯನ್ನು ಓಡಿಸು ಎನ್ನುವುದು: ಆ ಲಾರಿಯಿಂದ ಇಳಿಯಬೇಕು. ಆದರೆ ನಡುರಾತ್ರಿ ಹೆದ್ದಾರಿಯ ಅಂಚಿನಲ್ಲಿ ಅಲ್ಲ. ಬೆಳಕಿರುವ, ಜನರಿರುವ, ಲಾರಿ ನಿಲ್ಲುವ ಜಾಗದಲ್ಲಿ ಇಳಿದು, ಮೊದಲು ಒಳಗೆ ಹೋಗಿ, ಆಮೇಲೆ ಫೋನ್ ಮಾಡಿ. ಅಪರಾಧವಾಗಿದ್ದರೆ ಮೊದಲ ಕರೆ ಪೊಲೀಸರಿಗೆ, ಕಂಪನಿಗೆ ಆಮೇಲೆ. ಇದಕ್ಕಾಗಿಯೇ ಮೊದಲ ದಿನದಿಂದ ಒಂದು ಸಣ್ಣ ಚೀಲ ಕೈಗೆಟುಕುವಲ್ಲಿ ಇರಲಿ: ಲೈಸೆನ್ಸ್, ಗುರುತಿನ ಚೀಟಿ, ಔಷಧಿ, ಚಾರ್ಜರ್, ಊರು ಸೇರುವಷ್ಟು ದುಡ್ಡು. ನಿಮ್ಮ ಮೂಲ ದಾಖಲೆಗಳನ್ನು ತರಬೇತುದಾರರ ಕೈಗೆ ಕೊಟ್ಟಿಡಬೇಡಿ.

ಮತ್ತೆ ಕಂಪನಿಯವರಿಗೆ. ದೂರು ಕೇಳುವವರು ಮತ್ತು ಲೋಡು ಹಂಚುವವರು ಒಬ್ಬರೇ ಆಗಿರಬಾರದು. ಲೋಡು ಹಂಚುವವರಿಗೆ ಲಾರಿ ನಿಂತರೆ ನಷ್ಟ. ಅವರು "ಈ ಟ್ರಿಪ್ ಮುಗಿಸಿ ಬಾ, ಆಮೇಲೆ ನೋಡೋಣ" ಎನ್ನುತ್ತಾರೆ, ಎನ್ನಲೇಬೇಕಾಗುತ್ತದೆ. ಬೇರೆ ಒಬ್ಬರ ನಂಬರ್ ಕೊಡಿ, ರಾತ್ರಿಯೂ ಎತ್ತುವ ನಂಬರ್. ವಾರಕ್ಕೊಮ್ಮೆ ಅವರೇ ಇಬ್ಬರಿಗೂ ಕರೆ ಮಾಡಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ. ಕರೆ ಬಂದಾಗ ಪಕ್ಕದಲ್ಲೇ ತರಬೇತುದಾರರು ಕೂತಿದ್ದರೆ "ಎಲ್ಲ ಚೆನ್ನಾಗಿದೆ ಸರ್" ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ.

ಲಾರಿಯಿಂದ ಇಳಿದವರು ಊರು ಸೇರುವ ಖರ್ಚು, ಆ ರಾತ್ರಿಯ ಕೋಣೆಯ ಖರ್ಚು ಕಂಪನಿಯದ್ದೇ, ತಪ್ಪು ಯಾರದೆಂಬ ತೀರ್ಮಾನಕ್ಕೆ ಮುಂಚೆಯೇ. ಆಗಲೇ ಮುಗಿಸಿದ ಗಂಟೆಗಳು ಮತ್ತು ರಿವರ್ಸುಗಳು ಮುಂದಿನ ತರಬೇತುದಾರರ ಪುಸ್ತಕಕ್ಕೆ ಹಾಗೇ ಹೋಗಲಿ. ತರಬೇತುದಾರರನ್ನು ಬದಲಿಸಿದರೆ ಮೊದಲಿನಿಂದ ಶುರು ಎಂಬ ನಿಯಮ ಇರುವಲ್ಲಿ ಹೊಸಬರು ಬಾಯಿ ಬಿಡುವುದಿಲ್ಲ. ಹೊಸ ಜೋಡಿ ಮೂರು ದಿನದೊಳಗೆ ಸಿಗಲಿ. ಮಹಿಳೆಯರ ವಿಷಯದಲ್ಲಿ ಒಂದು ಎಚ್ಚರಿಕೆ: "ಮಹಿಳಾ ತರಬೇತುದಾರರು ಸಿಗುವವರೆಗೆ ಕಾಯಿರಿ" ಎಂಬ ಸುಲಭದ ದಾರಿ ಹಿಡಿದು, ಅವರನ್ನು ತಿಂಗಳುಗಟ್ಟಲೆ ಕಾಯಿಸಿದ ಅಮೆರಿಕದ ಒಂದು ಸಾರಿಗೆ ಕಂಪನಿಯ ನಿಯಮವನ್ನು ಅಲ್ಲಿನ ನ್ಯಾಯಾಲಯ 2014ರಲ್ಲಿ ಲಿಂಗ ತಾರತಮ್ಯವೆಂದು ಹೇಳಿತು. ಆಯ್ಕೆ ಅವರದಾಗಿರಲಿ. ರಾತ್ರಿ ಪ್ರತ್ಯೇಕ ಕೋಣೆ ಕೊಡಿ, ಅಥವಾ ರಾತ್ರಿ ಮನೆಗೆ ಮರಳುವ ಹತ್ತಿರದ ಓಟಗಳಲ್ಲಿ ಕಲಿಸಿ. ಖರ್ಚು ಹೆಚ್ಚು, ನಮಗೂ ಗೊತ್ತು.

ತರಬೇತುದಾರರನ್ನು ಆರಿಸುವಾಗ ಅಪಘಾತವಿಲ್ಲದ ವರ್ಷಗಳನ್ನಷ್ಟೇ ಎಣಿಸುತ್ತೀರಿ. ಚೆನ್ನಾಗಿ ಓಡಿಸುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ; ಕೆಲವರು ಒಂಟಿತನ ಇಷ್ಟಪಟ್ಟೇ ಈ ಕೆಲಸಕ್ಕೆ ಬಂದವರು. ಹೆಚ್ಚಿನ ಸಂಬಳದ ಆಸೆಗೆ ಒಪ್ಪಿಕೊಂಡು ಒಳಗೊಳಗೇ ಕುದಿಯುವವರನ್ನು ಬಲವಂತ ಮಾಡಬೇಡಿ. ಒಬ್ಬರು ಹೊಸಬರನ್ನು ಬಿಟ್ಟ ಮೇಲೆ ಇನ್ನೊಬ್ಬರನ್ನು ಹತ್ತಿಸುವ ಮುಂಚೆ ಒಂದು ವಾರವಾದರೂ ಅವರ ಕ್ಯಾಬಿನ್ ಅವರಿಗೇ ಇರಲಿ. ಒಬ್ಬರ ಲಾರಿಯಿಂದ ಸಾಲಾಗಿ ಮೂವರು ಹೊಸಬರು ಅರ್ಧದಲ್ಲಿ ಇಳಿದಿದ್ದರೆ ನಾಲ್ಕನೆಯವರನ್ನು ಕಳಿಸುವ ಮುಂಚೆ ಕಡತ ತೆರೆದು ಓದಿ. ಹೊಸಬರೊಬ್ಬರೇ ಮೂವರು ತರಬೇತುದಾರರನ್ನು ಬದಲಿಸಿದ್ದರೂ ಅದೇ ಮಾತು.

ತರಬೇತಿ ಮುಗಿದ ದಿನ ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಡಿ. ಹೊಸಬರಿಗೆ ನಾಲ್ಕೇ ಪ್ರಶ್ನೆ: ಸ್ವಂತವಾಗಿ ಹಾಕಿದ ರಿವರ್ಸ್ ಎಷ್ಟು? ನೀವು ಓಡಿಸುವಾಗ ತರಬೇತುದಾರರು ಎಷ್ಟು ಗಂಟೆ ಮಲಗಿದ್ದರು? ಸ್ಟೇರಿಂಗಿಗೆ ಕೈ ಹಾಕಿದ್ದು ಎಷ್ಟು ಸಲ? ಇನ್ನೂ ಯಾವುದಕ್ಕೆ ಕೈ ನಡುಗುತ್ತದೆ? ತರಬೇತುದಾರರಿಗೆ ಒಂದೇ: ನಿಮ್ಮ ಮನೆಯವರು ಕಾರಿನಲ್ಲಿ ಹೋಗುವ ರಸ್ತೆಯಲ್ಲಿ, ಅವರ ಹಿಂದೆಯೇ, ಈ ಚಾಲಕರು ನಾಳೆ ರಾತ್ರಿ ಒಂಟಿಯಾಗಿ ಲೋಡು ತರಬಹುದೇ? "ಇಲ್ಲ" ಎಂದು ಬರೆದವರಿಗೆ ಸಂಬಳದಲ್ಲಿ ಒಂದು ಪೈಸೆಯೂ ಕಡಿತವಾಗದಂತೆ ನೋಡಿಕೊಳ್ಳಿ.

ಇತಿ,
ಎರಡೂ ಸೀಟುಗಳಲ್ಲಿ ಕೂತ ಕೆಲವು ಲಾರಿ ಚಾಲಕರು